ಮಾವನ ನೀಲಿ ಡಬ್ಬಿ

ಆ ಲೋಟವನ್ನು ಬೋರಲು ಹಾಕಿದಾಗ ಒಳಗಿದ್ದದ್ದು ಕೂಡಲೇ ಬೀಳಲಿಲ್ಲ. ತಳಕ್ಕೆ ಎರಡು ಸಲ ಕುಟ್ಟಿದ ಮೇಲೆ ನಿಧಾನವಾಗಿ ಜಾರಿ, ಬೇಸಿನ್ನಿನ ಬಿಳುಪಿನ ಮೇಲೆ ಲೋಟದ ಆಕಾರದಲ್ಲೇ ಕೂತಿತು. ಬೂದು ಬಣ್ಣದ ಲೋಳೆ, ಅಂಚಿನಲ್ಲಿ ತುಸು ಗುಲಾಬಿ, ನಡುವೆ ಸುರುಳಿ ಸುತ್ತಿದ ಒಂದು ಕೂದಲು. ಮನೆಯ ನಾಲ್ಕು ಜನರ ನಾಲ್ಕು ಬ್ರಷ್ಷುಗಳು ಇಷ್ಟು ವರ್ಷ ಕಾಲು ಇಳಿಬಿಟ್ಟುಕೊಂಡು ನಿಂತಿದ್ದು ಇದರಲ್ಲಿ. ಮೇಲೆ ಅವುಗಳ ತಲೆಗಳು ಗುಟ್ಟು ಮಾತಾಡುವವರ ಹಾಗೆ ಒಂದಕ್ಕೊಂದು ಒರಗಿಕೊಂಡು, ಒಬ್ಬರ ಎಂಜಲನ್ನು ಇನ್ನೊಬ್ಬರಿಗೆ ದಾಟಿಸುತ್ತಿದ್ದವು.

ಬಾಗಿಲಾಚೆ ನಿಂತಿದ್ದ ಅತ್ತೆ, "ಬರೀ ಪೇಸ್ಟು ಕಣೇ ಅದು" ಎಂದರು.

"ಪೇಸ್ಟಿಗೆ ಕೂದಲು ಬರತ್ತಾ ಅತ್ತೆ?" ಎಂದೆ. ಅವರು ಮೂಗು ಮುರಿದು ಅಡುಗೆಮನೆಗೆ ಹೋದರು.

ನನ್ನ ಹೊಟ್ಟೆಪಾಡೇ ಹೇಸಿಗೆಯನ್ನು ಅಳೆಯುವುದು. ನೀರು ಮತ್ತು ಆಹಾರ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಹೋಟೆಲಿನ ತರಕಾರಿ ಹೆಚ್ಚುವ ಹಲಗೆ, ಐಸ್‌ಕ್ರೀಮಿನ ಸೌಟು, ಶಾಲೆಯ ನೀರಿನ ಟ್ಯಾಂಕು, ಎಲ್ಲದಕ್ಕೂ ಹತ್ತಿಯ ಕಡ್ಡಿ ಸವರಿ ನಮ್ಮ ಬಳಿ ತರುತ್ತಾರೆ. ನಾನು ಆ ಕಡ್ಡಿಯನ್ನು ಕ್ರಿಮಿ ಬೆಳೆಸುವ ಗಾಜಿನ ತಟ್ಟೆಯ ಮೇಲೆ ಎಳೆದು, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಎರಡು ದಿನ ಕಳೆದ ಮೇಲೆ ಏನೇನು ಬೆಳೆದಿದೆ ಎಂದು ನೋಡಿ ಬರೆಯುತ್ತೇನೆ. ಈ ಕೆಲಸಕ್ಕೆ ಸೇರಿದ ಮೇಲೆ ಹೊರಗೆ ಒಂದು ಲೋಟ ಹಣ್ಣಿನ ರಸ ಕುಡಿದಿಲ್ಲ. ಯಾರಾದರೂ ಬೆರಳು ಎಂಜಲು ಮಾಡಿ ಪುಟ ತಿರುಗಿಸಿದರೆ ಆ ಪುಸ್ತಕವನ್ನು ಮತ್ತೆ ಮುಟ್ಟುವುದಿಲ್ಲ. ಬಸ್ ಓಡಿಸುವ ನನ್ನ ಮೈದುನ ನನಗೆ ಇಟ್ಟ ಹೆಸರು 'ಇನ್‌ಸ್ಪೆಕ್ಟರ್ ಅತ್ತಿಗೆ'. "ನಮ್ಮನೆ ನೊಣ ಕೂಡ ಕಾಲು ತೊಳ್ಕೊಂಡೇ ಒಳಗೆ ಬರತ್ತೆ" ಎಂದು ಅವನು ಡಿಪೋದಲ್ಲೆಲ್ಲ ಹೇಳಿಕೊಂಡು ಬಂದಿದ್ದಾನೆ. ಹೇಳಲಿ. ಅವನ ಬಾಯಿಯಲ್ಲಿ ಏನಿದೆ ಎಂದು ಅವನಿಗೆ ಗೊತ್ತಿಲ್ಲ, ನನಗೆ ಗೊತ್ತು.

ನಮ್ಮದು ಒಂದೇ ಬಚ್ಚಲಿನ ಮನೆ. ಕಮೋಡಿಗೂ ಬೇಸಿನ್ನಿಗೂ ನಡುವೆ ಒಂದು ತೋಳಿನಷ್ಟು ಅಂತರ. ಕಮೋಡಿನ ಮುಚ್ಚಳ ಮುರಿದು ಎರಡು ವರ್ಷವಾಗಿತ್ತು. ಗಂಡನಿಗೆ ಹೇಳಿದಾಗಲೆಲ್ಲ "ಈ ಭಾನುವಾರ" ಎನ್ನುತ್ತಿದ್ದರು. ಪ್ರತಿ ಸಲ ನೀರು ಬಿಟ್ಟಾಗ ಏಳುವ ತುಂತುರು ಎಲ್ಲಿಗೆ ಹೋಗಿ ಕೂರುತ್ತದೆ ಎಂದು ಯೋಚಿಸುವವಳು ಮನೆಯಲ್ಲಿ ನಾನೊಬ್ಬಳೇ. ಅದು ಸಾಲದ್ದಕ್ಕೆ ಅತ್ತೆಯ ಒಂದು ಪದ್ಧತಿಯಿತ್ತು. ಅವರ ಕೈಯಲ್ಲಿ ಯಾವ ಬ್ರಷ್ಷೂ ಸಾಯುವುದಿಲ್ಲ, ಬರೀ ನಿವೃತ್ತಿಯಾಗುತ್ತದೆ. ಬಾಯಿಯಿಂದ ಬಾಚಣಿಗೆಗೆ, ಬಾಚಣಿಗೆಯಿಂದ ನಲ್ಲಿಯ ಸಂದಿಗೆ, ಅಲ್ಲಿಂದ ಮಾವನ ಮೇಜಿಗೆ. ಮಾವ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಹಲ್ಲಿನ ಚಕ್ರ ಉಜ್ಜಲು ಹಳೇ ಬ್ರಷ್ಷಿನಷ್ಟು ಒಳ್ಳೆಯದು ಇನ್ನೊಂದಿಲ್ಲ ಎನ್ನುತ್ತಿದ್ದರು. ಹೀಗಾಗಿ ಬಚ್ಚಲಿನಲ್ಲಿ ಕೆಲಸದಲ್ಲಿರುವ ಬ್ರಷ್ಷು ಯಾವುದು, ನಿವೃತ್ತ ಯಾವುದು ಎಂದು ಅತ್ತೆಯನ್ನು ಬಿಟ್ಟು ಬೇರೆ ಯಾರಿಗೂ ಖಾತ್ರಿ ಇರಲಿಲ್ಲ. ನನ್ನ ಬ್ರಷ್ಷನ್ನು ನಾನು ಮೊದಲಿನಿಂದಲೂ ಮುಚ್ಚಳವಿರುವ ಡಬ್ಬಿಯಲ್ಲಿಟ್ಟು, ಬಚ್ಚಲಿನ ಕಪಾಟಿನಲ್ಲಿ ನನ್ನದೇ ಮೂಲೆಯಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದೆ.

ಇಷ್ಟು ವರ್ಷ ನುಂಗಿಕೊಂಡಿದ್ದ ಹೇಸಿಗೆ ಆ ದಿನ ಹೊರಗೆ ಬಂದದ್ದು ಮಾವನ ಎದೆಯ ದೆಸೆಯಿಂದ. ಅವರ ಹೃದಯದ ಒಂದು ಕವಾಟ ಗಟ್ಟಿಯಾಗಿ, ಅರ್ಧಂಬರ್ಧ ತೆರೆಯುತ್ತಿತ್ತು. ಹತ್ತು ಹೆಜ್ಜೆ ನಡೆದರೆ ಗೋಡೆ ಹಿಡಿದುಕೊಳ್ಳುತ್ತಿದ್ದರು. ಮಲಗಿದರೆ ಉಸಿರು ಸಿಗದೆ ಎದ್ದು ಕೂರುತ್ತಿದ್ದರು. ಕವಾಟ ಬದಲಾಯಿಸಬೇಕು ಎಂದು ಸರ್ಜನ್ ದಿನ ಗೊತ್ತು ಮಾಡಿದರು. ಆದರೆ ಮೊದಲು ಹಲ್ಲಿನ ವೈದ್ಯರಿಂದ ಬಾಯಿ ಶುದ್ಧವಾಗಿದೆ ಎಂಬ ಪತ್ರ ಬೇಕಿತ್ತು. "ಒಸಡಿನ ಸೋಂಕು ರಕ್ತಕ್ಕೆ ಸೇರಿ ಹೊಸ ಕವಾಟದ ಮೇಲೆ ಕೂತ್ರೆ ಆಪರೇಷನ್ ಮಾಡಿಯೂ ಉಪಯೋಗ ಇಲ್ಲ" ಎಂದಿದ್ದರು. ನಾವು ಅದನ್ನು ಒಂದು ಸಣ್ಣ ಕಾಗದ ಎಂದುಕೊಂಡೆವು. ಹಲ್ಲಿನ ವೈದ್ಯರು ಮಾವನ ಬಾಯಿ ತೆರೆಸಿ, ಸಣ್ಣ ಸಲಾಕೆಯಿಂದ ಒಸಡು ಒತ್ತಿದರು. ಒತ್ತಿದಲ್ಲೆಲ್ಲ ರಕ್ತ. ಎರಡು ಹಲ್ಲು ಕಿತ್ತು, ಉಳಿದದ್ದನ್ನು ಕೆರೆದು, "ದಿನಾ ಎರಡು ಸಲ ಮೆತ್ತಗಿನ ಬ್ರಷ್ಷಲ್ಲಿ ಸರಿಯಾಗಿ ಉಜ್ಜಿ, ನಾಲ್ಕು ವಾರ ಬಿಟ್ಟು ಬನ್ನಿ" ಎಂದರು. ಆಪರೇಷನ್ ಮುಂದಕ್ಕೆ ಹೋಯಿತು. ಅಲ್ಲಿಂದ ಮನೆಗೆ ಬಂದವಳು ಚಪ್ಪಲಿ ಕಳಚಿದ ಕೂಡಲೇ ಬಚ್ಚಲಿಗೆ ಹೋಗಿ ಲೋಟವನ್ನು ಬೋರಲು ಹಾಕಿದ್ದೆ.

ಅವತ್ತೇ ಹೊಸ ಕಾನೂನು ಜಾರಿಗೆ ಬಂತು. ಲೋಟ ಕಸಕ್ಕೆ ಹೋಯಿತು. ನಾಲ್ಕು ಹೊಸ ಬ್ರಷ್ಷು, ನಾಲ್ಕು ಬಣ್ಣದ ನಾಲ್ಕು ಡಬ್ಬಿ. ಅತ್ತೆಗೆ ಹಳದಿ, ಗಂಡನಿಗೆ ಹಸಿರು, ಮೈದುನನಿಗೆ ಕೆಂಪು, ಮಾವನಿಗೆ ನೀಲಿ. ನಾಲ್ವರನ್ನೂ ಸಾಲಾಗಿ ಕೂರಿಸಿ ಹೇಳಿದೆ: ಉಜ್ಜಿದ ತಕ್ಷಣ ಡಬ್ಬಿಯೊಳಗೆ. ಒಂದು ನಿಮಿಷವೂ ಹೊರಗೆ ಇಡುವಂತಿಲ್ಲ. ಮುಚ್ಚಳ ಟಕ್ ಎನ್ನಬೇಕು, ಆಗಲೇ ಮುಚ್ಚಿದ್ದು ಎಂದು ಲೆಕ್ಕ. ಲ್ಯಾಬಿನಲ್ಲಿ ನಮಗೆ ಮೊದಲ ದಿನ ಕಲಿಸುವುದೂ ಅದನ್ನೇ. ಮುಚ್ಚಿದ್ದು ಶುದ್ಧ, ತೆರೆದದ್ದು ಅಶುದ್ಧ.

ಮೈದುನ ಕೈ ಎತ್ತಿದ. "ಅತ್ತಿಗೆ, ಬ್ರಷ್ಷಿಗೆ ಉಸಿರು ಕಟ್ಟಲ್ವಾ?"

"ನಿನ್ನ ಬಾಯೊಳಗೆ ಹೋಗಿ ಬದುಕಿ ಬಂದ ಬ್ರಷ್ಷಿಗೆ ಏನೂ ಆಗಲ್ಲ" ಎಂದೆ. ಮಾವ ಮಾತ್ರ ನಗಲಿಲ್ಲ. ನೀಲಿ ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ, ಅದರ ಕೀಲು ಹೇಗೆ ಕೂತಿದೆ ಎಂದು ನೋಡಿದರು. ಎರಡು ಸಲ ತೆರೆದು ಮುಚ್ಚಿ, "ಒಳ್ಳೇ ಕೆಲಸ" ಎಂದರು. ಡಬ್ಬಿಯನ್ನು ಮಾಡಿದವರನ್ನು ಹೊಗಳಿದ್ದೋ ನನ್ನನ್ನೋ ತಿಳಿಯಲಿಲ್ಲ.

ಮಾವನ ವಿಷಯದಲ್ಲಿ ನಾನು ಇನ್ನೂ ಒಂದು ಕೈ ಮುಂದೆ ಹೋದೆ. ಅವರ ಟವೆಲು ಬೇರೆ ಮಾಡಿದೆ. ಕುಡಿಯುವ ಲೋಟ ಬೇರೆ ಮಾಡಿದೆ. ಅವರ ಒಸಡಿನ ರಕ್ತ ಬೇಸಿನ್ನಿನಲ್ಲಿ ಉಳಿದರೆ "ಛೀ ಮಾವ, ಚೆನ್ನಾಗಿ ನೀರು ಬಿಡಿ" ಎಂದು ಕೂಗಿದೆ. ಬೆಳಿಗ್ಗೆ ಒಂದು ಸಲ, ಊಟದ ನಂತರ ಒಂದು ಸಲ, ಅವರು ಬಚ್ಚಲಿಗೆ ಹೋದಾಗ ಬಾಗಿಲ ಹೊರಗೆ ನಿಲ್ಲುತ್ತಿದ್ದೆ. ನಲ್ಲಿ ಬಿಟ್ಟ ಸದ್ದು, ಸ್ವಲ್ಪ ಹೊತ್ತು, ಮತ್ತೆ ನಲ್ಲಿ, ಕೊನೆಗೆ ಟಕ್. ಟಕ್ ಕೇಳಿದ ಮೇಲೆಯೇ ನನಗೆ ಸಮಾಧಾನ. ಮೂರ್ಖಳು ನಾನು.

ನಾಲ್ಕು ವಾರದ ನಂತರ ಹಲ್ಲಿನ ವೈದ್ಯರು ಮಾವನ ಬಾಯಿ ನೋಡಿ ಮಾಸ್ಕಿನ ಮೇಲೆ ಹುಬ್ಬು ಗಂಟಿಕ್ಕಿದ್ದು ನನಗೆ ಕಾಣಿಸಿತು. "ಮೊದಲಿಗಿಂತ ಕೆಟ್ಟಿದೆಯಲ್ಲ" ಎಂದರು. ಹಲ್ಲಿನ ಬುಡದಲ್ಲಿ ಹಳದಿ ಪದರ ಮತ್ತೆ ಕಟ್ಟಿತ್ತು, ಒಸಡು ನೇರಳೆ ಬಣ್ಣಕ್ಕೆ ತಿರುಗಿತ್ತು. ಸರ್ಜನ್‌ಗೆ ಅಲ್ಲಿಂದಲೇ ಫೋನು ಮಾಡಿದರು. ಆಪರೇಷನ್ನಿಗೆ ಇನ್ನು ಸಿಗುವುದು ಒಂದೇ ದಿನ, ಮೂರು ವಾರದ ನಂತರ. ಅದೂ ತಪ್ಪಿದರೆ ಸರ್ಜನ್ ನಾಲ್ಕು ತಿಂಗಳು ಊರಿನಲ್ಲಿರುವುದಿಲ್ಲ. "ನಾಲ್ಕು ತಿಂಗಳು ಆ ಕವಾಟ ತಡಿಯತ್ತೆ ಅಂತ ನಾನು ಹೇಳಲಾರೆ ಅಂದ್ರು" ಎಂದು ವೈದ್ಯರು ಫೋನು ಕೆಳಗಿಟ್ಟರು. ಮಾವ ಕುರ್ಚಿಯಲ್ಲಿ ಕೈ ಕಟ್ಟಿಕೊಂಡು, ಪಾಠ ಒಪ್ಪಿಸದ ಹುಡುಗನ ಹಾಗೆ ನೆಲ ನೋಡುತ್ತಿದ್ದರು.

ನನ್ನ ಸಿಟ್ಟು ನೆತ್ತಿಗೇರಿತು. ಇಷ್ಟು ಕಾವಲು ಕಾದ ಮೇಲೂ ಹೀಗಾಗಬೇಕಾದರೆ ಯಾರೋ ಮಾವನ ಬ್ರಷ್ಷನ್ನು ಮುಟ್ಟುತ್ತಿದ್ದಾರೆ. ಮೊದಲು ಮೈದುನನನ್ನು ಹಿಡಿದೆ. "ನಾನು ನಂದನ್ನೇ ಸರಿಯಾಗಿ ಉಪಯೋಗಿಸಲ್ಲ, ಅಪ್ಪಂದು ಯಾಕೆ ಮುಟ್ಟಲಿ?" ಎಂದ. ಮಾತಿನಲ್ಲಿ ನಿಜವಿತ್ತು. ಗಂಡ, ಆ ಮನುಷ್ಯನಿಗೆ ತನ್ನ ಬ್ರಷ್ಷು ಹಸಿರೋ ಕೆಂಪೋ ಎಂದೇ ನೆನಪಿರಲಿಲ್ಲ. ಉಳಿದವರು ಅತ್ತೆ. ನಿವೃತ್ತಿ ಇಲಾಖೆ ಅವರ ಕೈಯಲ್ಲಿತ್ತು. ಕಣ್ಣು ಮಂಜು, ಮರೆವು ಬೇರೆ. ನಲ್ಲಿಯ ಸಂದಿ ಉಜ್ಜಲು ಯಾವುದೋ ಬ್ರಷ್ಷು ಎಂದು ನೀಲಿ ಡಬ್ಬಿಗೆ ಕೈ ಹಾಕಿರಬೇಕು. ಊಟಕ್ಕೆ ಕೂತಾಗಲೇ ಕೇಳಿಬಿಟ್ಟೆ.

ಅತ್ತೆಯ ಕೈಯ ತುತ್ತು ಅರ್ಧದಲ್ಲಿ ನಿಂತಿತು. "ನಾನು? ಅವರ ಬಾಯಿಗೆ ಹೋಗೋ ಬ್ರಷ್ಷಲ್ಲಿ ನಲ್ಲಿ ಉಜ್ಜಿದೆ ಅಂತೀಯಾ?"

"ಬೇಕೂಂತ ಅಲ್ಲ ಅತ್ತೆ. ಗೊತ್ತಾಗದೆ."

"ನಲವತ್ತೆರಡು ವರ್ಷ ಆಯ್ತು ಆ ಮನುಷ್ಯನ ಜೊತೆ. ಗೊತ್ತಾಗದೆ ಯಾವತ್ತೂ ಅವರಿಗೆ ಉಪ್ಪು ಕೂಡ ಹೆಚ್ಚು ಹಾಕಿಲ್ಲ" ಎಂದು ತಟ್ಟೆ ಸರಿಸಿ ಎದ್ದರು. ಮಾವ ಏನೋ ಹೇಳಲು ಬಾಯಿ ತೆರೆದು, ನನ್ನ ಕಡೆ ನೋಡಿ, ಮುಚ್ಚಿಕೊಂಡರು. ಅದನ್ನು ನಾನು ಹೆಂಡತಿಯ ಪರ ವಹಿಸಲಾರದ ದೌರ್ಬಲ್ಯ ಎಂದು ಅರ್ಥ ಮಾಡಿಕೊಂಡೆ. ಐದು ದಿನ ಅತ್ತೆ ನನ್ನೊಂದಿಗೆ ಮಾತಾಡಲಿಲ್ಲ. ಪಾತ್ರೆಗಳೇ ಮಾತಾಡುತ್ತಿದ್ದವು.

ಬಾಯಿ ಮಾತಿಗೆ ಸಾಕ್ಷಿಯಿಲ್ಲ ಎಂದು ಆರನೆಯ ದಿನ ಬೆಳಿಗ್ಗೆ ಲ್ಯಾಬಿನಿಂದ ತಂದ ಹತ್ತಿಯ ಕಡ್ಡಿಗಳನ್ನು ಹಿಡಿದು ಬಚ್ಚಲಿಗೆ ಹೋದೆ. ಐದು ಬ್ರಷ್ಷಿಗೂ ಸವರಿದೆ. ನನ್ನದನ್ನೂ ಸೇರಿಸಿದ್ದು ಹೋಲಿಕೆಗೆ ಒಂದು ಶುದ್ಧವಾದದ್ದು ಇರಲಿ ಎಂದು. ಸವರುವಾಗಲೇ ಗೊತ್ತಾಯಿತು, ನನ್ನ ಕಾನೂನನ್ನು ಯಾರೂ ಪಾಲಿಸುತ್ತಿರಲಿಲ್ಲ. ಗಂಡನ ಹಸಿರು ಡಬ್ಬಿಗೆ ಮುಚ್ಚಳವೇ ಇರಲಿಲ್ಲ. ಕೇಳಿದರೆ "ಮುರೀತು" ಎಂದರು, ಎಸೆದದ್ದೆಂದು ಮುಖವೇ ಹೇಳುತ್ತಿತ್ತು. ಅತ್ತೆ ತಮ್ಮ ಬ್ರಷ್ಷನ್ನು ಒರೆಸಿ ಅಡುಗೆಮನೆಯ ಕಿಟಕಿಯ ಬಿಸಿಲಿಗೆ ಇಡುತ್ತಿದ್ದರು, ಬಚ್ಚಲಿನಲ್ಲಿದ್ದದ್ದು ಖಾಲಿ ಹಳದಿ ಡಬ್ಬಿ. ಮೈದುನ ಕೆಂಪು ಡಬ್ಬಿಯಲ್ಲಿ ಸ್ಕ್ರೂ ಹಾಕಿಟ್ಟುಕೊಂಡು, ಬ್ರಷ್ಷನ್ನು ಕಿಟಕಿಯ ಸರಳಿಗೆ ಸಿಗಿಸಿದ್ದ. ಹೇಳಿದಂತೆ ನಡೆದವರು ಮಾವ ಮತ್ತು ನಾನು, ಇಬ್ಬರೇ. ಸಾಕ್ಷಿ ಸಿಗಲಿ, ಆಮೇಲೆ ನೋಡಿಕೊಳ್ಳುತ್ತೇನೆ ಎಂದು ಹಲ್ಲು ಕಚ್ಚಿದೆ.

ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜಿನವರು ನಮಗೆಲ್ಲ ಹಿರಿಯರು. ನಾವು ಅವರನ್ನು ಅಕ್ಕ ಎನ್ನುತ್ತೇವೆ. ಮುಂದಿನ ವರ್ಷ ನಿವೃತ್ತಿ. ತಟ್ಟೆ ನೋಡಿ ಕೊಳೆ ಯಾವ ಊರಿನದು ಎಂದು ಹೇಳಬಲ್ಲರು ಎಂದು ತಮಾಷೆ ಮಾಡುತ್ತೇವೆ. ಎರಡು ದಿನ ಕಳೆದು ಪೆಟ್ಟಿಗೆಯ ಬಾಗಿಲು ತೆರೆದಾಗ ಅಕ್ಕ ಪಕ್ಕದಲ್ಲೇ ಇದ್ದರು. ನಾನು ತಟ್ಟೆಗಳ ಮೇಲೆ ಬರೀ ಒಂದರಿಂದ ಐದು ಎಂದು ಬರೆದಿದ್ದೆ.

ಒಂದು, ಎರಡು, ಮೂರು ಸಾಧಾರಣ. ಅಲ್ಲೊಂದು ಇಲ್ಲೊಂದು ಚುಕ್ಕೆ. ಕಿಟಕಿಯ ಸರಳಿನಲ್ಲಿ ನೇತಾಡುತ್ತಿದ್ದ ಮೈದುನನದು ಎಲ್ಲದಕ್ಕಿಂತ ಸ್ವಚ್ಛ. ಅದನ್ನು ನೋಡಿ ನನಗೆ ಉರಿಯಿತು. ಅಕ್ಕ ಐದನೆಯ ತಟ್ಟೆ ಎತ್ತಿ, ಬೆಳಕಿಗೆ ಹಿಡಿದು, ಕತ್ತು ಹಿಂದಕ್ಕೆ ಎಳೆದುಕೊಂಡರು. ಅದರಲ್ಲಿ ಬಿಡಿ ಚುಕ್ಕೆಗಳೇ ಇರಲಿಲ್ಲ. ಅಂಚಿನಿಂದ ಅಂಚಿಗೆ ಒಂದೇ ಹಾಸು. ಹಸಿರು ಹೊಳಪಿನ ಲೋಳೆ, ಅದರ ಮೇಲೆ ಕೆನೆಬಣ್ಣದ ಗುಡ್ಡೆಗಳು, ಗುಡ್ಡೆಗಳ ಮೇಲೆ ಇನ್ನೊಂದು ಜಾತಿಯ ಒದ್ದೆ ಪೊರೆ.

"ಥೂ. ಯಾವ ಹೋಟೆಲಿನ ಸಿಂಕೇ ಇದು? ಇವತ್ತೇ ಬಾಗಿಲು ಹಾಕ್ಸು" ಎಂದರು ಅಕ್ಕ.

ಐದನೆಯದು ನನ್ನದು. ಅವತ್ತು ಬೆಳಿಗ್ಗೆ ಕೂಡ ಅದನ್ನು ಬಾಯಿಗೆ ಹಾಕಿಕೊಂಡು, ದವಡೆಯ ಮೂಲೆ ಮೂಲೆಗೆ ಮುಟ್ಟಿಸಿ, ಮೂರು ನಿಮಿಷ ಉಜ್ಜಿ ಬಂದಿದ್ದೆ. ಕೈತೊಳೆಯುವ ಸಿಂಕಿನ ಬಳಿಗೆ ಓಡಿದೆ. ಉಗುಳಿದೆ, ಮುಕ್ಕಳಿಸಿದೆ, ಮತ್ತೆ ಉಗುಳಿದೆ. ನಾಲಿಗೆಯನ್ನು ಕಿತ್ತು ತೊಳೆದು ಹಾಕಿಕೊಳ್ಳುವ ಹಾಗಿದ್ದರೆ ಹಾಗೇ ಮಾಡುತ್ತಿದ್ದೆ. ಅಕ್ಕ ಬೆನ್ನು ಸವರುತ್ತ ನಿಂತರು. ವಿಷಯ ಹೇಳಿದೆ; ಡಬ್ಬಿ, ಟಕ್, ಎಲ್ಲ.

"ಒದ್ದೆ ಬ್ರಷ್ಷನ್ನ ಹಾಗೇ ಮುಚ್ತೀಯಾ?" ಎಂದು ಕೇಳಿದರು. ಆಮೇಲೆ ನಮ್ಮ ಬೆಚ್ಚಗಿನ ಪೆಟ್ಟಿಗೆಯ ಕಡೆ ಬೆರಳು ತೋರಿಸಿದರು. "ಇದೇನು ಹಾಗಾದ್ರೆ? ಒದ್ದೆ, ಕತ್ತಲೆ, ಬಿಸುಪು, ಮುಚ್ಚಿದ ಬಾಗಿಲು. ಇಲ್ಲಿ ಸಂಬಳ ತಗೊಂಡು ಮಾಡೋ ಕೆಲಸ ಮನೇಲಿ ಬಿಟ್ಟಿಯಾಗಿ ಮಾಡಿದೀಯ. ಇಲ್ಲಿ ನಾವು ಬೇಯಿಸಿ, ಒಣಗಿಸಿ, ಆಮೇಲೆ ಮುಚ್ತೀವಿ. ಅದನ್ನ ಮರೆತ್ಯಾ?"

ಮರೆತಿದ್ದೆ. ಹದಿನಾಲ್ಕು ವರ್ಷದ ಕೆಲಸದಲ್ಲಿ ಕಲಿತ ಮೊದಲ ಪಾಠದ ಅರ್ಧವನ್ನಷ್ಟೇ ಮನೆಗೆ ಹೊತ್ತುಕೊಂಡು ಹೋಗಿದ್ದೆ. ವಾಸನೆಯಾದರೂ ಬರಬೇಡವೇ ಎಂದರೆ, ಲ್ಯಾಬಿನ ಹಬೆಯಲ್ಲಿ ನನ್ನ ಮೂಗು ಸತ್ತು ಎಷ್ಟೋ ವರ್ಷವಾಗಿತ್ತು. ಉಳಿದದ್ದನ್ನು ಪೇಸ್ಟಿನ ಪುದೀನ ಮುಚ್ಚುತ್ತಿತ್ತು.

ಅಷ್ಟರಲ್ಲಿ ಅಕ್ಕ ನಾಲ್ಕನೆಯ ತಟ್ಟೆ ಹಿಡಿದು ನಿಂತಿದ್ದರು. ಅದೂ ಹಸಿರು ಹಾಸೇ. ಆದರೆ ಅವರು ಹಣೆ ಸುಕ್ಕು ಮಾಡಿ ಮತ್ತೆ ಮತ್ತೆ ತಿರುಗಿಸುತ್ತಿದ್ದರು. "ಇದು ಯಾರ ಬಾಯಿದು?"

"ನಮ್ಮ ಮಾವಂದು."

"ಬಾಯಿದಲ್ಲ ಇದು" ಎಂದರು. "ನೋಡು, ಇರೋದೆಲ್ಲ ನಲ್ಲಿ ನೀರಲ್ಲಿ, ಕೊಳವೇಲಿ ಬದುಕೋ ಜಾತಿ. ಬಾಯಲ್ಲಿ ಇರೋದು ಒಂದಾದ್ರೂ ಕಾಣತ್ತಾ? ನಿನ್ನದರಲ್ಲಿ ಎರಡೂ ಇದೆ. ಈ ಬ್ರಷ್ಷು ದಿನಾ ನೀರು ಕಂಡಿದೆ. ಬಾಯಿ ಕಂಡು ತುಂಬಾ ದಿನ ಆಗಿದೆ."

ನಾನೂ ನೋಡಿದೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ಅಕ್ಕ ಹೇಳಿದ್ದು ಸರಿಯಿತ್ತು. ಅರ್ಧ ದಿನ ರಜೆ ಹಾಕಿ ಮನೆಗೆ ಹೋದೆ.

ಮಾವ ಕಿಟಕಿಯ ಬಳಿ ಮೇಜಿನ ಮುಂದೆ ಕೂತಿದ್ದರು. ಯಾರೋ ನೆರೆಯವರ ಹಳೆಯ ಅಲಾರಾಂ ಗಡಿಯಾರ ಬಿಚ್ಚಿ ಹರಡಿದ್ದರು. ನಾನು ಹತ್ತಿರ ಹೋದೊಡನೆ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡರು. ಕೆಲವು ವಾರಗಳಿಂದ ಅವರು ಹೀಗೇ ಮಾಡುತ್ತಿದ್ದರು. ಎದೆಯ ಸುಸ್ತು ಎಂದುಕೊಂಡಿದ್ದೆ.

"ಮಾವ, ನೀವು ಹಲ್ಲುಜ್ಜಿ ಎಷ್ಟು ದಿನ ಆಯ್ತು?"

"ದಿನಾ ಉಜ್ತೀನಲ್ಲಮ್ಮ. ನೀನೇ ಹೊರಗೆ ನಿಂತಿರ್ತೀಯ."

"ಬ್ರಷ್ಷು ಹಾಗೆ ಹೇಳ್ತಿಲ್ಲ."

ಅವರು ಕಣ್ಣಿನ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಬಾಯಿಗೆ ಅಂಗೈ ಅಡ್ಡ ಹಿಡಿದು ಹೇಳಿದರು. "ಇಪ್ಪತ್ತೆಂಟು ದಿನ."

"ಹಾಗಾದ್ರೆ ಒಳಗೆ ಏನು ಮಾಡ್ತಿದ್ರಿ?"

"ನಲ್ಲಿ ಬಿಡ್ತಿದ್ದೆ. ಬ್ರಷ್ಷು ಒದ್ದೆ ಮಾಡ್ತಿದ್ದೆ. ಬೆರಳಲ್ಲಿ ಒಂದೆರಡು ಸಲ ಸವರ್ಕೊಂಡು ಮುಕ್ಕಳಿಸಿ, ಡಬ್ಬಿ ಟಕ್ ಅನ್ಸಿ ಬರ್ತಿದ್ದೆ. ಟಕ್ ಅಂದ್ರೆ ನೀನು ಹೋಗ್ತಿದ್ದೆ."

"ಯಾಕೆ ಮಾವ?" ನನ್ನ ಸ್ವರ ಏರಿತು. "ಪ್ರಾಣದ ಪ್ರಶ್ನೆ ಇದು. ಎರಡು ಸಲ ಆಪರೇಷನ್ ತಪ್ತು. ನಾನು ಅತ್ತೆ ಮೇಲೆ ಹಾರಾಡಿದೆ. ನೀವು ಕೂತು ನೋಡಿದ್ರಿ!"

ಅವರು ಒಂದು ಸಣ್ಣ ಚಕ್ರವನ್ನು ಬೆರಳಲ್ಲಿ ಸುತ್ತಿಸಿದರು. "ವಾಸನೆ ಬರತ್ತಮ್ಮ" ಎಂದರು. "ಡಬ್ಬಿ ತೆಗೆದ್ರೆ ಸತ್ತ ಇಲಿ ವಾಸನೆ. ಮೊದಲು ಒಂದು ವಾರ ಮೂಗು ಹಿಡ್ಕೊಂಡು ಉಜ್ಜಿದೆ. ಆಮೇಲೆ ಬಾಯಿ ಹತ್ರ ತಂದ್ರೆ ವಾಂತಿ ಬರೋದು. ಆಗಲಿಲ್ಲ."

"ಹೇಳ್ಬಾರದಿತ್ತಾ? ಒಂದು ಮಾತು?"

"ಏನಂತ ಹೇಳ್ಲಿ? ನೀನು ಇದೇ ಓದಿದವಳು. ನೀನು ತಂದ ಹೊಸ ಬ್ರಷ್ಷು, ಹೊಸ ಡಬ್ಬಿ. ಅದು ನಾರೋಕೆ ಸಾಧ್ಯ ಇಲ್ಲ. ಹಾಗಾದ್ರೆ ನಾರ್ತಿರೋದು ನಾನೇ." ಅಂಗೈ ಇನ್ನೂ ಬಾಯಿಯ ಮೇಲೇ ಇತ್ತು. "ಒಳಗೇ ಕೊಳೆತಿದೀನಿ, ಅದಕ್ಕೇ ಬ್ರಷ್ಷಿಗೂ ಹತ್ತಿದೆ ಅಂದ್ಕೊಂಡೆ. ನೀನು ಟವೆಲು ಬೇರೆ ಮಾಡಿದೆ, ಲೋಟ ಬೇರೆ ಮಾಡಿದೆ, ಸರಿಯಾಗೇ ಮಾಡಿದೀಯ ಅನ್ನಿಸ್ತು. ಇನ್ನು ಇದನ್ನೂ ಹೇಳಿ ನಿಂಗೆ ಹೇಸಿಗೆ ಹುಟ್ಟಿಸೋದು ಬೇಡ ಅಂತ ಸುಮ್ಮನಾದೆ."

ಬಚ್ಚಲಿಗೆ ಹೋಗಿ ನೀಲಿ ಡಬ್ಬಿ ತಂದೆ. ಅವರ ಎದುರಿಗೇ ತೆರೆದು, ಸತ್ತ ಮೂಗನ್ನು ಅದರೊಳಗೇ ತುರುಕಿ ಉಸಿರು ಎಳೆದೆ. ಈ ಸಲ ಬಂತು. ಕೊಳೆತ ದ್ರಾಕ್ಷಿಯ ಸಿಹಿ, ಅದರ ಕೆಳಗೆ ಹಳೇ ರಕ್ತ. ಮೊದಲ ವಾರ ಅವರ ಒಸಡಿನಿಂದ ಬಂದ ರಕ್ತ ಬ್ರಷ್ಷಿನ ಎಳೆಗಳ ಬುಡದಲ್ಲಿ ಕಪ್ಪಗೆ ಕೂತಿತ್ತು. ಲ್ಯಾಬಿನಲ್ಲಿ ಬೆಳೆಯಲೊಲ್ಲದ ಕ್ರಿಮಿಗೆ ನಾವು ರಕ್ತವನ್ನೇ ಉಣಿಸುತ್ತೇವೆ. ಇಲ್ಲಿ ಅದನ್ನೂ ಒದಗಿಸಿ, ಮುಚ್ಚಳ ಹಾಕಿ, ಬಾಗಿಲಲ್ಲಿ ಕಾವಲು ನಿಂತಿದ್ದೆ. ನನಗೆ ನಾಚಿಕೆಯಾಯಿತು.

"ಇದು ನಿಮ್ಮ ವಾಸನೆ ಅಲ್ಲ ಮಾವ. ಡಬ್ಬೀದು. ನನ್ನ ಬ್ರಷ್ಷು ಇದಕ್ಕಿಂತ ಕೊಳಕು. ಪರೀಕ್ಷೆ ಮಾಡ್ಸಿದೀನಿ." ತಟ್ಟೆಯ ಕಥೆಯನ್ನೆಲ್ಲ ಹೇಳಿದೆ. ಅಕ್ಕ "ಯಾವ ಹೋಟೆಲಿನ ಸಿಂಕು" ಎಂದದ್ದನ್ನೂ ಬಿಡದೆ ಹೇಳಿದೆ. ಅವರು ತಲೆಯಾಡಿಸಿದರು. ಅವರಿಗೆ ಸಮಾಧಾನ ಮಾಡಲು ಹೇಳುತ್ತಿದ್ದೇನೆ ಎಂದು ತಿಳಿದ ತಲೆಯಾಟ ಅದು.

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ನಾನು ಅವರ ಕಾಲು ಹಿಡಿಯುವುದೊಂದು ಬಾಕಿ. "ತಪ್ಪಾಯ್ತು ಅತ್ತೆ" ಎಂದೆ.

"ತನ್ನ ಎಲೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದೆಲೆ ನೊಣ ಓಡಿಸಿದ್ರಂತೆ" ಎಂದರು. ಇಷ್ಟು ದಿನ ಕಟ್ಟಿಟ್ಟಿದ್ದ ಮಾತು, ಬಡ್ಡಿ ಸಮೇತ ಬಂತು. ಆಮೇಲೆ ಮಾವನ ಕಡೆ ತಿರುಗಿ ಇನ್ನೂ ಜೋರಾಗಿ, "ನೀವೂ ಅಷ್ಟೇ! ಸೊಸೆಗೆ ಹೇಳೋಕೆ ನಾಚಿಕೆ, ಸರಿ. ನನ್ನ ಹತ್ರ ಹೇಳೋಕೆ ಏನು ಬಂದಿತ್ತು?" ಎಂದರು. ಮಾವ ಚಕ್ರವನ್ನು ಗಡಿಯಾರದೊಳಗೆ ಕೂರಿಸಲು ಹೋಗಿ, ಕೈ ನಡುಗಿ, ಮತ್ತೆ ಕೆಳಗಿಟ್ಟರು.

ಹನ್ನೆರಡು ದಿನ ಉಳಿದಿತ್ತು. ಡಬ್ಬಿಗಳೆಲ್ಲ ಕಸಕ್ಕೆ ಹೋದವು, ಮೊದಲು ನನ್ನದು. ಅತ್ತೆಯೇ ಕಾರುಬಾರು ವಹಿಸಿಕೊಂಡರು. ಹೊಸ ಬ್ರಷ್ಷು ಅಡುಗೆಮನೆಯ ಕಿಟಕಿಯಲ್ಲಿ, ತಲೆ ಮೇಲಾಗಿ, ಗಾಳಿ ಬಿಸಿಲಿಗೆ, ಒಂದಕ್ಕೊಂದು ತಾಗದ ಹಾಗೆ. ಗಂಡ ಭಾನುವಾರಕ್ಕೆ ಕಾಯದೆ ಮಂಗಳವಾರವೇ ಕಮೋಡಿನ ಮುಚ್ಚಳ ತಂದು ಹಾಕಿದರು. ಹಲ್ಲಿನ ವೈದ್ಯರ ಬಳಿಗೆ ಮಾವನನ್ನು ಮರುದಿನವೇ ಕರೆದುಕೊಂಡು ಹೋಗಿ, ನಡೆದದ್ದನ್ನು ಮುಚ್ಚುಮರೆ ಇಲ್ಲದೆ ಹೇಳಿದೆ. ಅವರು ಇನ್ನೊಮ್ಮೆ ಕೆರೆದು ಸ್ವಚ್ಛ ಮಾಡಿ, ಬಾಯಿ ಮುಕ್ಕಳಿಸುವ ಔಷಧಿ ಕೊಟ್ಟರು. "ಬ್ರಷ್ಷಿನ ಕೊಳೆಗಿಂತ ಉಜ್ಜದೇ ಇದ್ದದ್ದೇ ಒಸಡನ್ನ ತಿಂದಿರೋದು. ಈಗ ಉಜ್ಜಿದ್ರೆ ಉಳ್ಕೊಳ್ಳತ್ತೆ" ಎಂದರು.

ಉಜ್ಜಿಸುವ ಕೆಲಸ ನಾನೇ ಮಾಡಿದೆ. ಮಾವ ಒಲ್ಲೆ ಎಂದರು. ಅವರ ಕೈಯ ನಡುಕದಲ್ಲಿ ಹಿಂದಿನ ದವಡೆಗೆ ಬ್ರಷ್ಷು ಹೋಗುತ್ತಿರಲಿಲ್ಲ, ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ, ಆದ್ದರಿಂದ ಒಲ್ಲೆ ಎಂದರೂ ನಡೆಯಲಿಲ್ಲ. ಮೊದಲ ದಿನ ಕೆಂಪು ನೊರೆ ನನ್ನ ಮಣಿಕಟ್ಟಿನ ಮೇಲೆ ಇಳಿಯಿತು. ಊಟದ ತುಣುಕು, ಲೋಳೆ, ಹಳದಿ ಪದರದ ಚೂರು. ನನಗೆ ಹೇಸಿಗೆ ಆಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಮುಖದಲ್ಲಿ ಕಾಣಿಸಬಾರದು ಎಂದು ಹಠ ಹಿಡಿದೆ. ಮಾವ ಆ ಹೊತ್ತಿನಲ್ಲಿ ಕಣ್ಣು ಮುಚ್ಚಿಕೊಂಡಿರುತ್ತಿದ್ದರು, ನನ್ನ ಮುಖ ನೋಡಬೇಕಾದೀತು ಎಂದು. ಆರನೆಯ ದಿನಕ್ಕೆ ನೊರೆ ಗುಲಾಬಿ ಬಣ್ಣಕ್ಕೆ ಬಂತು. ಹತ್ತನೆಯ ದಿನಕ್ಕೆ ಬಿಳಿ.

ಪತ್ರ ಬರೆಯಬೇಕಾದ ದಿನ ಬಂತು. ಮಾವ ಉದ್ದ ಕುರ್ಚಿಯಲ್ಲಿ ಒರಗಿದರು, ವೈದ್ಯರು ದೀಪ ಎಳೆದುಕೊಂಡರು. ಬಾಯಿ ತೆರೆಯುವ ಮೊದಲು ಮಾವ ನನ್ನ ಕಡೆ ತಿರುಗಿದರು. "ನೀನು ಹೊರಗೆ ಕೂತ್ಕೋಮ್ಮ. ಇಷ್ಟು ದೊಡ್ಡ ಬೆಳಕಲ್ಲಿ ನಿಂಗೆ ನೋಡೋಕಾಗಲ್ಲ."

"ಇಲ್ಲೇ ಇರ್ತೀನಿ ಮಾವ."

ವೈದ್ಯರು ಸಲಾಕೆ ಹಿಡಿದು ಒಂದೊಂದೇ ಹಲ್ಲಿನ ಬುಡ ಒತ್ತುತ್ತ ಬಂದರು. ನಾನು ಬಗ್ಗಿ ನೋಡಿದೆ. ಮೇಲಿನ ಸಾಲು ಪೂರ್ತಿ ಒಣ. ಕೆಳಗೆ ಎಡ ದವಡೆ ಒಣ. ಬಲ ದವಡೆಯ ಕೊನೆಯ ಹಲ್ಲಿನ ಬಳಿ ವೈದ್ಯರ ಕೈ ನಿಂತಿತು. ಎರಡು ಸಲ ಒತ್ತಿದರು. ಹತ್ತಿ ಹಿಡಿದು ತೆಗೆದು ನೋಡಿದರು. ಹತ್ತಿ ಬಿಳಿಯಾಗಿಯೇ ಇತ್ತು.

"ಚೆನ್ನಾಗಿದೆ ಯಜಮಾನ್ರೇ. ಪತ್ರ ಕೊಡ್ತೀನಿ" ಎಂದು ಅವರು ಕೈಗವಸು ಕಳಚಿದರು.

ಮಾವ ಎದ್ದು ಕೂತರು. ಪತ್ರದ ಕಡೆ ಅವರ ಗಮನವೇ ಇರಲಿಲ್ಲ. ಅಂಗೈ ಅಡ್ಡ ಹಿಡಿದು, ವೈದ್ಯರಿಗೆ ಮಾತ್ರ ಕೇಳಿಸುವ ಹಾಗೆ, "ವಾಸನೆ ಇನ್ನೂ ಇದೆಯಾ ಡಾಕ್ಟ್ರೇ?" ಎಂದರು.

"ಏನೂ ಇಲ್ಲ."

"ನೀವು ಮಾಸ್ಕ್ ಹಾಕಿದೀರ" ಎಂದರು ಮಾವ. ವೈದ್ಯರು ನಕ್ಕು ಪೆನ್ನು ಹುಡುಕತೊಡಗಿದರು. ಮಾವ ನಗಲಿಲ್ಲ. ನಿಧಾನವಾಗಿ ನನ್ನ ಕಡೆ ನೋಡಿದರು. ನನ್ನನ್ನು ಕೇಳುವ ಧೈರ್ಯ ಅವರಿಗೆ ಇರಲಿಲ್ಲ.

ನಾನು ಹತ್ತಿರ ಹೋಗಿ ಅವರ ಕೈಯನ್ನು ಬಾಯಿಯಿಂದ ಕೆಳಗಿಳಿಸಿದೆ. "ಊದಿ ಮಾವ" ಎಂದೆ.

"ಬೇಡಮ್ಮ."

"ಊದಿ."

ಮುಖಕ್ಕೆ ಮುಖ ಕೊಟ್ಟು ನಿಂತೆ. ಅವರು ಕಣ್ಣು ಮುಚ್ಚಿಕೊಂಡು ಹಾ ಎಂದು ಉಸಿರು ಬಿಟ್ಟರು. ನಾನು ಅದನ್ನು ಪೂರ್ತಿ ಒಳಗೆ ಎಳೆದುಕೊಂಡೆ. ಔಷಧಿಯ ಕಹಿ, ವಯಸ್ಸಾದವರ ಬಾಯಿಯ ಬೆಚ್ಚಗಿನ ಹುಳಿ, ಅಷ್ಟೇ.

"ಏನೂ ಇಲ್ಲ ಮಾವ" ಎಂದೆ.

ಅವರು ಕಣ್ಣು ತೆರೆದು ನನ್ನ ಮುಖವನ್ನು ಚೆನ್ನಾಗಿ ನೋಡಿದರು. ಆಮೇಲೆ ವೈದ್ಯರ ಕಡೆ ತಿರುಗಿ, "ಹಾಗಾದ್ರೆ ಸಹಿ ಹಾಕಿ" ಎಂದರು.